ಎರಡು ಫೋನಿನ ಆಂಟಿ

ಮೊನ್ನೆ ಇಲ್ಲಿ ಅಮೆರಿಕಾದ ಐಸೆಲಿನ್‌ನ ಇಂಡಿಯನ್ ಅಂಗಡಿಯಿಂದ ಹಸಿ ಕಾಫಿ ಬೀಜ ತಂದು ಮನೇಲೇ ಹುರಿಯೋಕೆ ಹೋಗಿ ಇದ್ದಿಲು ಮಾಡ್ದೆ. ಸ್ಮೋಕ್ ಅಲಾರ್ಮ್ ಕಿರುಚ್ತು. ಸ್ಟೂಲ್ ಹತ್ತಿ ಟವೆಲ್ ಬೀಸ್ತಾ ಇದ್ದಾಗ ಆ ವಾಸನೆಗೆ ಮುಂಚೆ ಹೋಬೋಕನ್ ಊರಲ್ಲಿದ್ದಾಗಿನ ಪಕ್ಕದ್ಮನೆ ಆಂಟಿ ನೆನಪಾದ್ರು...

ಇಥಿಯೋಪಿಯಾ ಪಕ್ಕದ ಎರಿಟ್ರಿಯಾ ದೇಶದೋರು. ಭಾನುವಾರ ಅವರೇ ಬೀಜ ಹುರಿದು ಮೂರು ಸುತ್ತು ಕಾಫಿ ಕೊಡೋರು. ಮೂರನೇದು ಆಶೀರ್ವಾದ, ಅದನ್ನ ಕುಡೀದೆ ಏಳೋ ಹಾಗಿಲ್ಲ. ನಾನು ಮೊದಲ್ನೇ ಸಲ ಒಂದೇ ಕಪ್ ಕುಡಿದು 'ಥ್ಯಾಂಕ್ಯೂ ಆಂಟಿ' ಅಂತ ಹೊರಟೇಬಿಟ್ಟಿದ್ದೆ. ಕಾಲರ್ ಹಿಡಿದು ಕೂರಿಸಿದ್ರು. ಆಮೇಲಿಂದ ಅಲಾರ್ಮ್ ಕೆಳಗೆ ಟವೆಲ್ ಬೀಸೋ ಘನ ಉದ್ಯೋಗ ನಂದೇ.

ಅವರ ಅಣ್ಣ ಇಥಿಯೋಪಿಯಾದಲ್ಲಿ, ತಂಗಿ ಎರಿಟ್ರಿಯಾದಲ್ಲಿ. ಯುದ್ಧ ಆಗಿ ಮಧ್ಯದ ಬಾರ್ಡರ್ ಮುಚ್ಚಿ ಆಗ್ಲೇ ಇಪ್ಪತ್ತು ವರ್ಷ ಆಗಿತ್ತು. ಆ ಎರಡು ದೇಶದ ಮಧ್ಯೆ ಫೋನೂ ಇರ್ಲಿಲ್ಲ. ಅಮೆರಿಕಾದಿಂದ ಮಾತ್ರ ಎರಡೂ ಕಡೆ ಸಿಗೋದು. ಅದಕ್ಕೇ ಆಂಟಿ ಕಿವಿಗೊಂದು ಫೋನ್ ಹಿಡಿದು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಹೇಳೋರು.

ನಾನು ಮಹಾ ಇಂಜಿನಿಯರ್ ಅಲ್ವಾ? ಎರಡೂ ಕಾಲ್ ಸೇರಿಸಿಬಿಡೋಣ ಅಂತ ಕೈ ಹಾಕ್ದೆ. ಫಟ್ ಅಂತ ಆಂಟಿ ಕೈ ಮೇಲೊಂದು ಕೊಟ್ರು.

"ಅಮ್ಮ ತೀರಿಹೋಗಿದ್ದನ್ನ ತಂಗಿ ತಿಂಗಳಾದ್ಮೇಲೆ ತಿಳಿಸಿದ್ಲು ಅಂತ ಅಣ್ಣ ಅವಳಿಗೆ ಶಾಪ ಹಾಕ್ತಾನೆ. ಅವಳೂ ಕಮ್ಮಿ ಇಲ್ಲ. ನಾನು ಇಬ್ಬರಿಗೂ, ಆ ಕಡೆಯೋರು ನಿನ್ನ ನೆನೆಸ್ಕೊಂಡು ಅಳ್ತಿದ್ರು ಅಂತೀನಿ. ಯಾರಿಗೂ ಹೇಳ್ಬೇಡ ಕಣೋ."

ಆಣೆ ಮಾಡ್ದೆ.

ಕೊನೆಗೊಂದು ದಿನ ಬಾರ್ಡರ್ ತೆಗೆದ್ರು. ಅಣ್ಣ ಬಸ್ ಹತ್ತಿ ತಂಗಿ ಮನೆಗೆ ಹೋಗಿ ಒಂದು ಭಾನುವಾರ, ನಮ್ಮ ಮೊದಲ್ನೇ ಸುತ್ತು ಕಾಫಿ ಆಗ್ತಿದ್ದಾಗ, ಅಲ್ಲಿಂದ ಫೋನ್ ಮಾಡಿದ್ರು. ಸ್ಪೀಕರ್‌ನಲ್ಲಿ ಅವರಿಬ್ಬರ ಅಳು, ಇಲ್ಲಿ ಆಂಟಿ ಅಳು, ಸ್ಟೂಲ್ ಮೇಲೆ ನಾನು. ಅಣ್ಣನಿಗೆ ಇಂಗ್ಲಿಷ್ ಬರ್ತಿತ್ತು. ನಗಿಸೋಣ ಅಂತ ಬಾಯಿಬಿಟ್ಟೆ: "ನಮ್ಮಾಂಟಿ ಭಾರೀ ಡೈಲಾಗ್ ರೈಟರ್ ಸಾರ್! ನಿಮ್ಮ ಬೈಗುಳನೆಲ್ಲಾ ಮುದ್ದು ಮಾಡಿ ಕಳಿಸ್ತಿದ್ರು!"

ಲೈನ್ ಸರಿಯಿಲ್ಲ ಅನ್ಕೊಂಡು ಇನ್ನೂ ಜೋರಾಗಿ ಇನ್ನೊಂದ್ಸಲ ಹೇಳ್ದೆ.

ತಂಗಿ ಅವರ ಭಾಷೇಲಿ ಏನೋ ಕೇಳಿದ್ರು. ಅಣ್ಣ ಆಂಟಿಗೆ ಇಂಗ್ಲಿಷಲ್ಲೇ ಅಂದ್ರು, "ಹಾಗಾದ್ರೆ ಇಪ್ಪತ್ತು ವರ್ಷ ನಾವು ಮಾತಾಡಿದ್ದು ನಿನ್ನ ಜೊತೆ ಮಾತ್ರ." ಕಾಲ್ ಕಟ್.

ಆಂಟಿ ನನಗೆ ಬೈಲಿಲ್ಲ. ಎರಡನೇ ಸುತ್ತು ಬಗ್ಗಿಸಿ, ಮೂರನೇದಕ್ಕೆ ಉಳಿದ ಕಾಫೀನ ಸಿಂಕ್‌ಗೆ ಚೆಲ್ಲಿ, "ಹೊರಡು" ಅಂದ್ರು. ಕಾಲರ್ ಯಾರೂ ಹಿಡೀಲಿಲ್ಲ.

ಬಾರ್ಡರ್ ಜೊತೆ ಫೋನ್ ಲೈನೂ ತೆಗೆದಿತ್ತು. ಅಣ್ಣ ತಂಗಿ ಈಗ ನೇರ ಮಾತು. ಸೇರಿಸಿದೋರನ್ನೇ ಇಬ್ಬರೂ ಸೇರಿ ಕೈಬಿಟ್ರು. ಆಂಟಿಯ ಎರಡು ಫೋನೂ ಮತ್ತೆ ಹೊಡ್ಕೊಳ್ಳಲಿಲ್ಲ. ಲೀಸ್ ಮುಗಿದಾಗ ಎಲ್ಲಿಗೆ ಹೋಗ್ತೀನಿ ಅಂತ ನನಗೂ ಹೇಳ್ದೆ ಹೋದ್ರು. ಹೇಳೋಕೆ ನಾನೇನು ನಂಬೋ ಅಂಥೋನಾ...

ಮೊನ್ನೆ ಆ ಇದ್ದಿಲು ಕಾಫೀನೇ ಕುಡಿದೆ. ಒಂದು, ಎರಡು. ಮೂರನೇದು ಬಗ್ಗಿಸ್ಕೊಳ್ಳೋಕೆ ಕೈ ಬರ್ಲಿಲ್ಲ.