ಬೀಗರಾಗುವ ಮುನ್ನ ಒಂದು ಲೋಟ ಬಿಯರ್

ಕಾರಿನಿಂದ ಇಳಿದು ಎರಡು ಹೆಜ್ಜೆ ಹಾಕಿದ ದೊಡ್ಡರಂಗಪ್ಪನವರು ಅಲ್ಲೇ ನಿಂತುಬಿಟ್ಟರು. ಅವರು ಮುಂದೆ ಬಂದಿದ್ದರು, ಪಂಚೆ ಬಂದಿರಲಿಲ್ಲ. ಅದರ ಅಂಚು ಕಾರಿನ ಬಾಗಿಲಿಗೆ ಸಿಕ್ಕಿಕೊಂಡಿತ್ತು. ಎದುರಿಗೆ ಗಂಡಿನ ಮನೆಯವರು ಕೈಮುಗಿದು ನಿಂತಿದ್ದರು. ತಿರುಗಿ ಕೈಮುಗಿಯೋಣವೆಂದರೆ ಇವರ ಎರಡೂ ಕೈ ಸೊಂಟದ ಬಳಿ ತುರ್ತು ಕೆಲಸದಲ್ಲಿದ್ದವು. ಭಾವಮೈದ ನಾಗಭೂಷಣ್ ಗಾಬರಿಯಲ್ಲಿ ಬಾಗಿಲು ತೆಗೆಯುವ ಬದಲು ಲಾಕ್ ಮಾಡಿದ. ಕೊನೆಗೆ ಹುಡುಗನೇ ಓಡಿಬಂದು ಬಾಗಿಲು ತೆಗೆಸಿ, ಪಂಚೆಯನ್ನು ಅದರ ಯಜಮಾನರಿಗೆ ಒಪ್ಪಿಸಿದ. ಹುಡುಗನನ್ನು ನೋಡಲು ಬಂದವರನ್ನು, ಪಟಾಪಟಿ ಚಡ್ಡಿಯ ಸಮೇತ, ಹುಡುಗನೇ ಮೊದಲು ನೋಡಿದಂತಾಯಿತು.

ದೊಡ್ಡರಂಗಪ್ಪನವರ ಬದುಕೇ ಹೀಗೆ. ಎಲ್ಲೋ ಒಂದು ಕಡೆ ಸಿಕ್ಕಿಕೊಂಡು, ಬಿಡಿಸಿಕೊಳ್ಳಲು ಬಾಯಿ ಬಾರದೆ ನಿಲ್ಲುವುದು. ಹುಲಿಕುಂಟೆ ಕಡೆಯ ಒಂದು ಹಳ್ಳಿಯಲ್ಲಿ ಹಾಲಿನ ಡೈರಿಯ ಕಾರ್ಯದರ್ಶಿಯಾಗಿದ್ದವರು. ಯಾರಿಗೂ ಹಾಲಿಗೆ ನೀರು ಬೆರೆಸಿದ್ದೀರಿ ಎಂದವರಲ್ಲ. “ಇವತ್ತು ಹಸ ಜಾಸ್ತಿ ನೀರು ಕುಡ್ದಿರ್ಬೇಕು ಕಣಮ್ಮ” ಎಂದು ಹಸುವಿನ ಮೇಲೆ ಹಾಕುತ್ತಿದ್ದರು. ಮೇಲಿನ ಬೀದಿಯವರು ಬಂದು ಗಣೇಶನ ಸಮಿತಿಗೆ ಅಧ್ಯಕ್ಷರಾಗಿ ಎಂದಾಗ ಹೂಂ ಅಂದರು. ಕೆಳಗಿನ ಬೀದಿಯವರು ಬಂದಾಗಲೂ ಹೂಂ ಅಂದರು. ಆ ವರ್ಷ ಎರಡೂ ಮೆರವಣಿಗೆ ಎದುರುಬದುರಾದಾಗ ಎರಡು ಕಡೆಯ ಹಾರವನ್ನೂ ಹಾಕಿಕೊಂಡು ನಡುವೆ ನಿಂತಿದ್ದರು.

ಹೀಗಾಗಿ ಹೊರಡುವ ದಿನ ಮಗಳು ಶೃತಿ, ಶಿರಾದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವವಳು, ಡ್ಯೂಟಿಗೆ ಹೋಗುವ ಮೊದಲು ಅಪ್ಪನನ್ನು ಕೂರಿಸಿಕೊಂಡು ಹೇಳಿದ್ದಳು:

“ಅಪ್ಪ, ನಾನು ಹುಡುಗನ ಜೊತೆ ಒಂದ್ಸಲ ಕೂತು ಮಾತಾಡ್ಬೇಕು. ಅಲ್ಲೀಗಂಟ ನೀನು ಹೂಂ ಅನ್ನಂಗಿಲ್ಲ.”

“ನಾನ್ಯಾಕ್ ಅಂತೀನವ್ವ?”

“ನೀನು ಯಾರಿಗೆ ಅಂದಿಲ್ಲ, ಹೇಳು?”

ಅಪ್ಪ ಮಗಳ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟರು. ಹೆಂಡತಿ ವನಜಾಗೆ ಅಷ್ಟು ಸಾಲಲಿಲ್ಲ. “ಅವ್ರ ಮನೇಲಿ ಬಾಯಿಗೆ ಸಿಹಿ ಹಾಕ್ಕಂಡು ಬಂದ್ರೋ, ವಾಪಸ್ ಬರ್ಬೇಡಿ, ಅಲ್ಲೇ ಇದ್ಬುಡಿ” ಎಂದರು. ಅವರ ಪೈಕಿಯಲ್ಲಿ ಅದೊಂದು ಕಟ್ಟಳೆ. ಸಂಬಂಧ ನೋಡಲು ಹೋದ ಮನೆಯಲ್ಲಿ ನೀರು ಕುಡಿಯಬಹುದು, ಖಾರ ತಿನ್ನಬಹುದು. ಹೆಣ್ಣಿನ ತಂದೆಯ ಬಾಯಿಗೆ ಸಿಹಿ ಬಿತ್ತೆಂದರೆ ಮಾತು ಕೊಟ್ಟಂತೆ. ಆಮೇಲೆ ಇಲ್ಲವೆಂದರೆ ನ್ಯಾಯಕ್ಕೆ ಜನ ಸೇರುತ್ತಾರೆ.

ಚನ್ನರಾಯನದುರ್ಗದ ಬೆಟ್ಟದ ಬುಡದಲ್ಲಿದ್ದ ಆ ಮನೆಯಲ್ಲಿ ಹುಡುಗನ ಅಪ್ಪ ಅಡವಯ್ಯ ಚಾಪೆ ಹಾಸಿ ಕೂರಿಸಿದ್ದೇ ತಡ, ಕೇಸರಿಬಾತು ಬಂತು. ದೊಡ್ಡರಂಗಪ್ಪನವರು ದಾರಿಯುದ್ದಕ್ಕೂ ಉರುಹೊಡೆದಿದ್ದ ಸುಳ್ಳನ್ನು ಒಪ್ಪಿಸಿದರು: “ಶುಗರ್ ಐತೆ.” ಬಾಳೆಹಣ್ಣಿಗೂ ಶುಗರ್ ಐತೆ, ಕಾಫಿಗೂ ಶುಗರ್ ಐತೆ. ಮೈಯಲ್ಲಿ ಇಲ್ಲದ ಕಾಯಿಲೆಯಿಂದ ಅವರು ಇಷ್ಟು ಧೈರ್ಯ ಪಡೆದದ್ದು ಅದೇ ಮೊದಲು. ನಾಗಭೂಷಣ್ ಮಾತ್ರ ಎರಡು ತಟ್ಟೆ ಕೇಸರಿಬಾತು ಮುಗಿಸಿದ. ನಡುವೆ ನಿಂತು ಸಂಬಂಧ ಕುದುರಿಸುವವನ ಬಾಯಿಗೆ ಈ ಕಟ್ಟಳೆ ಅನ್ವಯಿಸುವುದಿಲ್ಲ.

“ಪಾಪ, ಬಿಸಿಲಲ್ಲಿ ಬಂದವ್ರೆ, ಏನೂ ಮುಟ್ನಿಲ್ವಲ್ಲ” ಎಂದು ಹುಡುಗನ ಅಜ್ಜಿ ಚಿಕ್ಕಹನುಮಕ್ಕ ಪೇಚಾಡಿಕೊಂಡರು. ಆಗ ಹುಡುಗ ಕಿರಣ್‌ಕುಮಾರ್ ಫ್ರಿಜ್ಜಿನಿಂದ ಕಂದು ಬಾಟಲಿಯೊಂದನ್ನು ತಂದ. ನಾಗಭೂಷಣ್ ಅವನ ಕೆಲಸವನ್ನು ‘ಫುಡ್ ಲೈನು’ ಎಂದಷ್ಟೇ ಹೇಳಿದ್ದ. ನೆಲಮಂಗಲದ ಕಡೆ ಒಂದು ಸಣ್ಣ ಕಾರ್ಖಾನೆಯಲ್ಲಿ ಅವನು ಬಿಯರ್ ತಯಾರಿಸುತ್ತಿದ್ದ.

“ಸಾರ್, ಮುಚ್ಚಿಟ್ಟು ಮದ್ವೆ ಆಗೋದು ನಂಗಿಷ್ಟ ಇಲ್ಲ. ಇದೇ ನನ್ನ ಕೆಲಸ. ರೈ ಅಂತ, ಗೋಧಿ ಥರದ ಕಾಳು, ಅದ್ರಲ್ಲಿ ಮಾಡಿದ್ದು. ಸಕ್ಕರೆ ಒಂದು ಚೂರೂ ಹಾಕಿಲ್ಲ.”

ದೊಡ್ಡರಂಗಪ್ಪನವರು ಲೆಕ್ಕ ಹಾಕಿದರು. ಸಕ್ಕರೆಯಿಲ್ಲ. ಬಿಯರೆಂದರೆ ಕಹಿ, ಅದು ಲೋಕಕ್ಕೇ ಗೊತ್ತು. ಕಟ್ಟಳೆಯಲ್ಲಿ ಕಹಿಯ ಮಾತೇ ಇಲ್ಲ. ಅಲ್ಲದೆ ಈ ಹುಡುಗನ ಕೈಯಿಂದಲೇ ಪಂಚೆ ಬಿಡಿಸಿಕೊಂಡ ಋಣ ಬೇರೆ. ಲೋಟ ತೆಗೆದುಕೊಂಡರು.

ಮೊದಲ ಗುಟುಕಿಗೆ ತಣ್ಣನೆಯ ನೊರೆ ಮೀಸೆಗೆ ಮೆತ್ತಿತು. ಎರಡನೆಯದಕ್ಕೆ ಸೀದ ರೊಟ್ಟಿಯ ಅಂಚು ಕಡಿದಂತೆ, ಹಿಂದೆಯೇ ಮೆಣಸಿನ ಚುರುಕು. ನುಂಗಿದ ಮೇಲೆ ಗಂಟಲಿನಲ್ಲಿ ಏನೋ ಒಂದು ಸುಳಿಯಿತು. ಅದು ರುಚಿಯಲ್ಲ, ವಾಸನೆ. ಹೂಬಿಟ್ಟ ಹೊಂಗೆಮರದ ಕೆಳಗೆ ಹಾದುಹೋದಂತೆ. ಏನದು ಎಂದು ಪತ್ತೆಹಚ್ಚಲು ಇನ್ನೊಂದು ಗುಟುಕು ಬೇಕಾಯಿತು. ಪತ್ತೆಯಾಗುವಷ್ಟರಲ್ಲಿ ಲೋಟದ ತಳ ಕಂಡಿತು.

“ಏನೋ ಘಮ್ ಅಂತೈತಲ್ಲಪ್ಪ?”

“ಅದಾ ಸಾರ್? ನಮ್ಮ ಬೆಟ್ಟದ ಹೆಜ್ಜೇನು. ಅದೇ ಇದ್ರ ಸ್ಪೆಷಲ್” ಎಂದ ಹುಡುಗ, ಹೆಮ್ಮೆಯಿಂದ.

ಚಿಕ್ಕಹನುಮಕ್ಕ ಚಾಪೆಯಿಂದ ಎದ್ದೇ ಬಿಟ್ಟರು. “ಜೇನಾ? ಬಾಯಿಗೆ ಜೇನು ಬಿತ್ತಾ? ಬೀಗ್ರೇ, ನಿಮ್ಮ ಬಾಯಿ ಸಿಹಿ ಆಗೋಯ್ತು! ಲೇ ಅಡವಯ್ಯ, ತಾಂಬೂಲದ ತಟ್ಟೆ ತಗಂಬಾರ್ಲಾ!”

ಬೀಗ್ರೇ! ದೊಡ್ಡರಂಗಪ್ಪನವರು ಖಾಲಿ ಲೋಟದೊಳಗೆ ಒಮ್ಮೆ ಇಣುಕಿದರು. ಇಲ್ಲ ಎನ್ನಬೇಕು. ಬಾಯಿ ತೆರೆದರು. ತೇಗು ಬಂತು.

“ಅಜ್ಜಿ, ಅದು ಸಿಹಿ ಅಲ್ಲ” ಎಂದ ಹುಡುಗ, ಅವರ ಮುಖ ನೋಡಿ. “ಯೀಸ್ಟ್ ಅಂತ ಇರುತ್ತೆ. ಜೇನಿನ ಸಿಹೀನೆಲ್ಲ ಅದೇ ತಿಂದ್ಬಿಡುತ್ತೆ. ಉಳಿಯೋದು ಬರೀ ಘಮ.”

“ಯಾವ್ದೋ ತಿನ್ನಲಿ, ನೀನು ಹಾಕಿದ್ದು ಜೇನು ತಾನೆ? ನಾನು ಮಾಡಿದ್ ಹೋಳಿಗೇನೆಲ್ಲ ನೀನೇ ತಿಂದ್ಬುಟ್ರೆ, ಅವತ್ತು ನಾನು ಮಾಡಿದ್ದು ಹೋಳಿಗೆ ಅಲ್ವೇನ್ಲಾ?”

“ನಿಂತ್ಗಳಮ್ಮ” ಎಂದರು ಅಡವಯ್ಯ, ತಟ್ಟೆ ಹಿಡಿದು. “ಕುಡ್ದೋರು ಅವ್ರು. ಸಿಹಿಯೋ ಕಹಿಯೋ ಅವ್ರೇ ಹೇಳ್ಲಿ.”

ನಾಗಭೂಷಣ್ ಹಿಂದಿನಿಂದ ತಿವಿದ. ಯಾವ ಕಡೆಗೆ ತಿವಿದನೋ ತಿಳಿಯಲಿಲ್ಲ. ಸಿಹಿ ಎಂದರೆ ಮಗಳ ತಲೆಯ ಮೇಲಿಟ್ಟ ಕೈ ಸುಳ್ಳಾಗುತ್ತದೆ. ಕಹಿ ಎಂದರೆ, ವೀಳ್ಯದೆಲೆ ತಂದು ನಿಂತವರ ಮುಂದೆ ಆ ಮಾತು ಆಡಬಹುದೇ? ಮುಚ್ಚುಮರೆಯಿಲ್ಲದೆ ಲೋಟ ಕೊಟ್ಟ ಈ ಹುಡುಗನ ಮುಖಕ್ಕೆ ಹೊಡೆದಂತಲ್ಲವೇ? ಖಾರ ಎನ್ನಬಹುದಿತ್ತು, ಯಾರೂ ಅದನ್ನು ಕೇಳಿರಲಿಲ್ಲ. ಮನೆಯಲ್ಲಿದ್ದವರೆಲ್ಲ ಅವರ ಬಾಯನ್ನೇ ನೋಡುತ್ತಿದ್ದರು. ಹುಡುಗ ಮಾತ್ರ ನೆಲ ನೋಡುತ್ತಿದ್ದ.

“ಹೇಳಿ ಬೀಗ್ರೇ” ಎಂದರು ಚಿಕ್ಕಹನುಮಕ್ಕ. “ಸಿಹಿನೋ, ಕಹಿನೋ?”

ದೊಡ್ಡರಂಗಪ್ಪನವರು ಖಾಲಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟು, ಮೀಸೆ ಒರೆಸಿಕೊಂಡರು.

“ನಂಗೆ ಗೊತ್ತಾಗ್ನಿಲ್ಲ ಕಣಮ್ಮ. ಭಾನುವಾರ ನಮ್ಮ ಶೃತಿನ ಕಳಿಸ್ತೀನಿ, ಒಂದು ಲೋಟ ಕುಡ್ದು ಅವ್ಳೇ ಹೇಳ್ತಾಳೆ.”