ಎಲ್ಲ ಮದುವೆಗೂ ನಿನ್ನೆಯ ತಾರೀಖು

ಯಲಬುರ್ಗಾದಲ್ಲಿ ನಮ್ಮ ಯಜಮಾನರದು ಫೋಟೊ ಸ್ಟುಡಿಯೊ. ಅವರು ಹೊರಗೆ ಹೋದಾಗ ಅಂಗಡಿಯಲ್ಲಿ ನಾನು ಕೂರುತ್ತೇನೆ. ಮದುವೆ ಫೋಟೊಗಳ ಫೋಲ್ಡರಿಗೆ ಅವರು ಮದುಮಕ್ಕಳ ಹೆಸರು ಇಡುವವರಲ್ಲ, ಊರ ಹೆಸರನ್ನಷ್ಟೇ ಇಡುತ್ತಾರೆ. ಯಾವುದು ಯಾರ ಮದುವೆ ಎಂದು ಪಕ್ಕದಲ್ಲಿ ಕಾಣುವ ತಾರೀಖೇ ಹೇಳಬೇಕು.

ಆ ಹುಣ್ಣಿಮೆಗೆ ಅವರು ಒಂದು ಮಗುವಿನ ಜವಳದ ಫೋಟೊ ತೆಗೆಯಲು ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋಗಿದ್ದರು. ಮಧ್ಯಾಹ್ನ ತಳಕಲ್ಲಿನ ಹೆಣ್ಣುಮಗಳೊಬ್ಬಳು ಅಣ್ಣನ ಜೊತೆ ಬಂದಳು. ಅವರ ತಾಯಿ ತೀರಿಕೊಂಡಿದ್ದರು. ಮರುದಿನವೇ ಶಿವಗಣಾರಾಧನೆ, ಪೂಜೆಗೆ ಇಡಲು ಒಂದು ಫೋಟೊ ಇಲ್ಲ.

"ಆಧಾರ್ ಕಾರ್ಡಿಂದು ಐತಲ್ಲವಾ?" ಎಂದೆ.

"ಅದರಾಗ ನಮ್ಮವ್ವ ಜೇಲಿನಿಂದ ಬಂದಾಕಿ ಕಂಡಂಗ ಕಾಣ್ತಾಳ್ರಿ ಅಕ್ಕಾರ," ಎಂದ ಅಣ್ಣ.

ತಂಗಿ ನಗಲಿಲ್ಲ. "ನನ್ನ ಮದುವಿ ಫೋಟೊ ತಗದವರು ನೀವರಿ. ಗಂಡ ಇಲ್ಲದಾಕಿ ಅಂತ ಅವ್ವ ಅಕ್ಕಿಕಾಳ ಹಾಕಾಕೂ ಬರಲಿಲ್ಲ. ಆಲ್ಬಮ್‌ನಾಗ ಆಕಿ ಇಲ್ಲ. ಕಂಪ್ಯೂಟರಿನಾಗ ಎಲ್ಲೆರ ಇರಬೇಕ್ರಿ. ಹ್ವಾದ ವರ್ಷ, ಬಸವ ಜಯಂತಿ ಮರುದಿನ."

ಕಂಪ್ಯೂಟರಿನಲ್ಲಿ ನೋಡಿದರೆ ಎಲ್ಲ ಫೋಲ್ಡರಿನ ಮುಂದೆಯೂ ನಿನ್ನೆಯದೇ ತಾರೀಖು. ಹಿಂದಿನ ದಿನವಷ್ಟೇ ಅವರು ಎಲ್ಲವನ್ನೂ ಹೊಸ ಡಿಸ್ಕಿಗೆ ಕಾಪಿ ಮಾಡಿದ್ದರು. ಗಾಬರಿಯಾಗಿ ಫೋನ್ ಹಚ್ಚಿದೆ.

"ಹಳೇ ಡಿಸ್ಕ್ ನೋಡಲೇನ್ರಿ?"

"ಅದನ್ನ ನಿನ್ನೇನ ಅಳಿಸಿಬಿಟ್ಟೇನಿ," ಎಂದರು. ಹಿಂದೆ ಗಂಟೆಯ ಸದ್ದು, ಜನರ ಗದ್ದಲ. "ಒಳಗ ಒಂದೊಂದ ಫೋಟೊಕ್ಕೂ ತಾರೀಖು ಇರ್ತೈತಿ. ಅದೂ ಕೆಟ್ಟಿತ್ತಂದ್ರ…" ಅಷ್ಟಕ್ಕೆ ಫೋನ್ ಕಟ್ಟಾಯಿತು.

ತಳಕಲ್ ಎಂದಿದ್ದ ಫೋಲ್ಡರುಗಳನ್ನು ಒಂದೊಂದಾಗಿ ತೆರೆದೆ. ಎಲ್ಲ ಬೇರೆಯವರ ಮದುವೆ. ಕೊನೆಯದನ್ನೂ ಮುಚ್ಚಿದೆ. ಅಳಿಸಿದ್ದರಲ್ಲಿ ಆ ತಾಯಿಯೂ ಹೋದರೇ? ತಾಯಿ ಹುಲಿಗೆಮ್ಮಾ, ಇವರ ಮುಖ ಹೇಗೆ ನೋಡಲಿ?

ಅಣ್ಣ ಎದ್ದು ನಿಂತ. "ನಡಿಯವಾ, ಆ ಕಾರ್ಡಿಂದನ ಹಿಗ್ಗಿಸಿದರಾತು."

"ನೀ ಸುಮ್ನ ಕುಂದ್ರೋ," ಎಂದು ಗದರಿದಳು. ಅವಳ ಕಣ್ಣು ಪರದೆ ಬಿಟ್ಟು ಕದಲಲಿಲ್ಲ.

ಆಗ ಹೊಳೆಯಿತು. "ಮದುವಿ ಎಲ್ಲಿ ಆತವಾ?"

"ಗಂಡಿನವರ ಊರಾಗರಿ. ಸಿದ್ದಾಪುರ."

ಸಿದ್ದಾಪುರದವು ಎರಡೇ ಇದ್ದವು. ಮೊದಲನೆಯದನ್ನು ತೆರೆದೆ. ಹೊರಗೆ ನಿನ್ನೆಯ ತಾರೀಖು, ಒಳಗಿನ ಫೋಟೊಗಳ ಮೇಲೆ ಬಸವ ಜಯಂತಿಯ ಮರುದಿನದ್ದು. ಪುಣ್ಯಕ್ಕೆ ಅದು ಕೆಟ್ಟಿರಲಿಲ್ಲ. ಹಂದರದ ಫೋಟೊಗಳನ್ನು ದಾಟಿಸಿದೆ, ಬೀಗರ ಸಾಲನ್ನೂ ದಾಟಿಸಿದೆ. ಊಟದ ಪಂಕ್ತಿ ಬಂತು.

"ನಿಲ್ರಿ!"

ತುಪ್ಪದ ಗಿಂಡಿ ಹಿಡಿದು ಬಗ್ಗಿದ ಹೆಂಗಸು. ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದವನ ಜೊತೆ ಜಗಳವಾಡುತ್ತ ಬಾಯ್ತುಂಬ ನಗುತ್ತಿದ್ದಾಳೆ.

ಅಣ್ಣ ಮೂಗೊರೆಸಿಕೊಂಡ. "ಮುಖ ಅಷ್ಟ ಕತ್ತರಿಸಿ ಕೊಡ್ರಿ ಅಕ್ಕಾರ. ಪೂಜಿಗೆ ಇಡೂದು, ಗಿಂಡಿ ಛಲೋ ಕಾಣಂಗಿಲ್ಲ."

"ಇರ್ಲಿರಿ," ಎಂದಳು ತಂಗಿ. "ನಾಳೆ ಬಂದವರಿಗೂ ಆಕೀನ ಬಡಸ್ಲಿ."