ಕೆಂಪು ಬಿಲ್ಲೆ ಹಿಡಿದಿದ್ದವಳು ನಾನು

ನನ್ನ ಗಂಡ ಎದೆಯಲ್ಲಿ ಏನೋ ಆಗುತ್ತಿದೆ ಎಂದು ಹೇಳಲು ನನ್ನ ಹತ್ತಿರ ಬಂದಾಗ, ಅದನ್ನು ಇಂಗ್ಲಿಷಿನಲ್ಲಿ ಹೇಳಿ ಎಂದವಳು ನಾನು. ತರಬೇತಿಯ ಹಾಲ್ ತುಂಬ ಶಿಕ್ಷಕರು ಕೂತಿದ್ದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಗಂಡನಿಗೆ ಇಂಗ್ಲಿಷ್ ಬರುವುದಿಲ್ಲ ಎಂಬುದು ಆ ಹಾಲ್‌ನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದೂ ನನಗೇ.

ಇದನ್ನು ವರ್ಷಗಟ್ಟಲೆ ಮುಚ್ಚಿಟ್ಟೆ. ಮುಚ್ಚಿಟ್ಟದ್ದಷ್ಟೇ ಅಲ್ಲ — ಬೇರೊಂದು ಮಾತು ಕಟ್ಟಿ, ಅದೇ ಅವರ ಕೊನೆಯ ಮಾತೆಂದು ಅವರ ತಾಯಿಗೆ ಕೊಟ್ಟೆ. ಮೊದಲು ಆ ದಿನದ ಬೆಳಗಿನಿಂದ ಬರೆಯುತ್ತೇನೆ. ಬೆಳಗು ಚೆನ್ನಾಗಿತ್ತು. ಅದೊಂದನ್ನು ಬರೆಯಲು ನನಗೆ ಹೆದರಿಕೆಯಿಲ್ಲ.

ನಾವು ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಒಂದು ಹಳೆಯ ಮನೆಯಲ್ಲಿ ಬಾಡಿಗೆಗೆ ಇದ್ದೆವು. ಅತ್ತೆ ಮತ್ತು ನಾನು ಈಗಲೂ ಅಲ್ಲೇ ಇದ್ದೇವೆ. ಆಗ ಮೂವರು — ನಾನು, ನನ್ನ ಗಂಡ ಸಾಬಣ್ಣ, ನನ್ನ ಅತ್ತೆ. ಮಕ್ಕಳಿಲ್ಲ. ಅತ್ತೆ ತಮ್ಮ ಊರು ಕೊಂಕಲ್‌ನಿಂದ ಬರುವಾಗ ಎಮ್ಮೆ ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದಿದ್ದರಿಂದ ಹಿತ್ತಲಲ್ಲಿ ಎಮ್ಮೆಯೂ ಇತ್ತು. ನಾವಿಬ್ಬರೂ ಪ್ರಾಥಮಿಕ ಶಾಲೆಯ ಶಿಕ್ಷಕರು, ಬೇರೆ ಬೇರೆ ಶಾಲೆ. ನಾನು ಇಂಗ್ಲಿಷ್ ಇಷ್ಟಪಟ್ಟು ಕಲಿತವಳು. ಅವರು ಸಮಾಜ ವಿಜ್ಞಾನದವರು. ಅವರ ಶಾಲೆಯಲ್ಲಿ ಇಂಗ್ಲಿಷ್ ತೆಗೆದುಕೊಳ್ಳಲು ಯಾರೂ ಇಲ್ಲದ್ದಕ್ಕೆ ಅದೂ ಅವರ ತಲೆಗೆ ಬಿದ್ದಿತ್ತು. ಹಾಗಾಗಿ ಸುರಪುರದಲ್ಲಿ ಇಂಗ್ಲಿಷ್ ಕಲಿಸುವವರಿಗಾಗಿ ನಡೆದ ತರಬೇತಿಗೆ ಇಬ್ಬರ ಹೆಸರೂ ಬಂದವು.

ಅಂದು ಅವರ ಗುಂಪಿನ ಸರದಿ. ತರಕಾರಿ ಸಂತೆಯ ಒಂದು ಸಣ್ಣ ಆಟವನ್ನು ಇಂಗ್ಲಿಷಿನಲ್ಲಿ ಆಡಿ ತೋರಿಸಬೇಕಿತ್ತು — ತರಗತಿಯಲ್ಲಿ ಮಕ್ಕಳಿಂದ ಹೇಗೆ ಆಡಿಸಬೇಕು ಎಂದು ಶಿಕ್ಷಕರೇ ಆಡಿ ಕಲಿಯುವುದು. ಇವರು ಬದನೆಕಾಯಿ ಮಾರುವವನು. ರೊಟ್ಟಿ ತಿನ್ನುತ್ತ ಮಾತು ಬಾಯಿಪಾಠ ಮಾಡುತ್ತಿದ್ದರು. “ಫ್ರೆಶ್ ಬ್ರಿಂಜಾಲ್, ಮೇಡಂ, ವೆರಿ ಫ್ರೆಶ್ ಬ್ರಿಂಜಾಲ್.”

ಅತ್ತೆ ಒಲೆಯ ಮುಂದಿನಿಂದಲೇ ಕೇಳಿದರು: “ಏ ಸಾಬ್ಯಾ, ಬದನಿಕಾಯಿಗೆ ಇಂಗ್ಲಿಷ್ ಕಲಿಸಿದ್ರ ರುಚಿ ಜಾಸ್ತಿ ಆಗ್ತದೇನೋ?”

“ಹೂನವ್ವಾ, ಗಂಗಾಳಕ್ಕ ಬಂದು ತಾನ ಗುಡ್ ಮಾರ್ನಿಂಗ್ ಅಂತದ ನೋಡು.”

“ಅನ್ನಲಿ ಬಿಡು. ನೀ ಮೊದಲ ರೊಟ್ಟಿ ತಿನ್ನು. ಅರ್ಧಾ ಬಿಟ್ಟೀದಿ.”

“ಸಾಕಬೇ. ನಿನ್ನಿ ಮಿರ್ಚಿ ಭಜಿ ತಿಂದಿದ್ದೆ, ಪಿತ್ತ ಆದಂಗ ಆಗ್ಯಾದ.”

ಆ ಅರ್ಧ ರೊಟ್ಟಿ ಎಮ್ಮೆಗೆ ಹೋಯಿತು. ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತು ಮತ್ತೆ ಬದನೆಕಾಯಿ ಮಾರಿದರು, ನಾನು ತಿದ್ದಿದೆ. ಗುರುತಿನವರೊಬ್ಬರು ಹಿಂದಿನಿಂದ, “ಮಾಸ್ತರ್ರ, ಕಿಲೋ ಹ್ಯಾಂಗ್ರಿ?” ಎಂದು ಕೂಗಿದರು. ಬಸ್ಸು ನಕ್ಕಿತು. ನಾನೂ ನಕ್ಕೆ. ಆ ನಗುವಿನಲ್ಲಿ ನನ್ನ ಪಾಲು ಪೂರ್ತಿ ಪ್ರೀತಿಯದಾಗಿತ್ತು ಎಂದು ಹೇಳಲಾರೆ.

ಏಕೆಂದರೆ ಹಿಂದಿನ ದಿನ ಒಂದು ನಡೆದಿತ್ತು. ಹಾಲ್‌ನೊಳಗೆ ಕನ್ನಡ ಆಡಬಾರದೆಂಬ ನಿಯಮ ಇತ್ತು. ಆಡಿದವರ ಕೊರಳಿಗೆ ರಟ್ಟಿನಿಂದ ಕತ್ತರಿಸಿದ ಒಂದು ಕೆಂಪು ಬಿಲ್ಲೆ. ಮತ್ತೊಬ್ಬರು ಕನ್ನಡ ಆಡುವವರೆಗೂ ಅದು ಅಲ್ಲೇ ತೂಗಬೇಕು. ಸಂಜೆ ಯಾರ ಕೊರಳಲ್ಲಿ ಉಳಿಯುತ್ತದೋ ಅವರು ಎಲ್ಲರ ಮುಂದೆ ನಿಂತು ಇಂಗ್ಲಿಷಿನಲ್ಲಿ ಮಾತಾಡಬೇಕು. ಮೊದಲ ದಿನ ಅದು ಇವರ ಕೊರಳಲ್ಲಿ ಉಳಿಯಿತು. ತಮ್ಮ ಮನೆಯ ಬಗ್ಗೆ ಹೇಳಿ ಎಂದಾಗ ಇವರು ಬೆವರುತ್ತ ಹೇಳಿದರು: “ಇನ್ ಮೈ ಹೌಸ್ ಬಫೆಲೋ ಈಸ್ ದೇರ್. ಮದರ್ ಈಸ್ ದೇರ್. ವೈಫ್ ಈಸ್ ದೇರ್.” ಅಷ್ಟೇ. ಚಹಾ ಕುಡಿಯುವಾಗ ಒಬ್ಬರು ನನ್ನನ್ನು, “ಮೇಡಂ, ಎಮ್ಮಿ ಮೊದಲ, ನೀವು ಕಡೀಕ ಆದ್ರಲ್ರಿ!” ಎಂದು ಛೇಡಿಸಿದರು. ಇವರು ಎಲ್ಲರಿಗಿಂತ ಜೋರಾಗಿ ನಕ್ಕರು. ನನಗೆ ಮುಖ ಎಲ್ಲಿಡಲಿ ಅನ್ನಿಸಿತು. ನನ್ನ ಮನುಷ್ಯನ ಬಗ್ಗೆ ನನಗೆ ನಾಚಿಕೆ ಆಗಿತ್ತು — ಇದನ್ನು ಬರೆಯದೆ ಮುಂದಿನದನ್ನು ಬರೆದರೆ ಅದೂ ಒಂದು ಸುಳ್ಳಾಗುತ್ತದೆ.

ಇನ್ನೊಂದೂ ಇತ್ತು. ಯಾದಗಿರಿಯಿಂದ ಬಂದಿದ್ದ ತರಬೇತುದಾರ ಸರ್ ನಮ್ಮಲ್ಲಿ ಚೆನ್ನಾಗಿ ಮಾಡಿದವರನ್ನು ಮುಂದಿನ ತರಬೇತಿಗಳಿಗೆ ಸಂಪನ್ಮೂಲ ವ್ಯಕ್ತಿಗಳಾಗಿ ಕರೆಯುತ್ತೇವೆ ಎಂದಿದ್ದರು. ಅಂದರೆ ಕಲಿಯುವವರ ಸಾಲಿನಿಂದ ಎದ್ದು ಕಲಿಸುವವರ ಸಾಲಿಗೆ ಹೋಗುವುದು. ನನಗೆ ಅದು ಬೇಕಿತ್ತು. ಬಹಳ ಬೇಕಿತ್ತು. ಎರಡನೆಯ ದಿನದ ಬೆಳಗ್ಗೆ ಸರ್ ಕೆಂಪು ಬಿಲ್ಲೆಯನ್ನು ನನ್ನ ಕೈಗೆ ಕೊಟ್ಟು, ಇವತ್ತು ನಿಯಮ ಕಾಯುವವರು ನೀವು ಎಂದಾಗ, ಅದೇ ಒಂದು ಪರೀಕ್ಷೆ ಅನ್ನಿಸಿತು. “ಗಂಡಗ ರಿಯಾಯ್ತಿ ಐತೇನ್ರಿ ಮೇಡಂ?” ಎಂದು ಬಾಗಿಲ ಹೊರಗೆ ಒಬ್ಬರು ಕೇಳಿದರು. ಇಲ್ಲ ಎಂದೆ. ಹಾಗೇ ಮಾಡಿ ತೋರಿಸಿದೆ.

ಇವರು ಬೆಳಗಿನಿಂದ ನೆಪ ಹುಡುಕುತ್ತಿದ್ದರು — ನೀರಿಗೆ ಎದ್ದರು, ಹೊರಗೆ ಹೋಗಿ ಬಂದರು, ಪಾತ್ರ ಬದಲಿಸುತ್ತೀರಾ ಎಂದು ಗುಂಪಿನವರನ್ನು ಸನ್ನೆಯಲ್ಲಿ ಕೇಳಿದರು. ಮಧ್ಯಾಹ್ನ ಊಟವಾದ ಮೇಲೆ ಅವರ ಸರದಿ ಹತ್ತಿರ ಬಂತು. ಆಗ ಇವರು ಹಿಂದಿನ ಬೆಂಚಿನಿಂದ ಎದ್ದು, ಗೋಡೆ ಹಿಡಿದುಕೊಂಡು ನನ್ನ ಕುರ್ಚಿಯ ಹಿಂದೆ ಬಂದು ಬಾಗಿದರು. ಬರೀ ನನಗೆ ಕೇಳುವಷ್ಟು ಮೆಲ್ಲಗೆ —

“ಏ ಮಹಾದೇವಿ, ಎದಿಯಾಗ ಒಂದು ನಮೂನಿ —”

ಅಷ್ಟೇ. ಅಷ್ಟೇ ಹೇಳಲು ಬಿಟ್ಟೆ. ನಾನು ತಿರುಗಿ ಅವರ ಮುಖ ನೋಡಲಿಲ್ಲ. ಸರ್ ನೋಡುತ್ತಿದ್ದಾರೆಯೇ ಎಂದು ನೋಡಿದೆ. ನೋಡುತ್ತಿದ್ದರು. ಬಿಲ್ಲೆ ಮೇಲೆತ್ತಿ ಗಟ್ಟಿಯಾಗಿ ಹೇಳಿದೆ: “ಇನ್ ಇಂಗ್ಲಿಷ್, ಪ್ಲೀಸ್, ಸರ್!”

ಹಾಲ್ ನಕ್ಕಿತು. ಯಾರೋ, “ಸರ್, ಅಟ್ ಹೋಮ್ ಆಲ್ಸೋ ಇಂಗ್ಲಿಷ್?” ಎಂದರು. ಮತ್ತೂ ನಕ್ಕರು. ಆಗ ನಾನು ತಿರುಗಿದೆ. ಇವರು ಬಾಯಿ ತೆರೆದಿದ್ದರು. “ಮೇಡಂ… ಮೈ…” ಎಂದರು. ಮಾತು ಹುಡುಕುತ್ತಿದ್ದರು. ನನ್ನ ಗಂಡ ನನ್ನ ಮುಂದೆ ನಿಂತು ಮಾತು ಹುಡುಕುತ್ತಿದ್ದರು, ನಾನು ಕಾಯುವವಳ ಹಾಗೆ ತಲೆ ಓರೆ ಮಾಡಿ ಕಾದೆ — ನಾಲ್ಕನೆಯ ತರಗತಿಯ ಹುಡುಗರ ಮುಂದೆ ನಿಲ್ಲುತ್ತೇನಲ್ಲ, ಹಾಗೆ. ಹಣೆಯ ಮೇಲೆ ಬೆವರು ಇತ್ತು. ನೋಡಿದೆ. ನಿನ್ನೆಯೂ ಹೀಗೇ ಬೆವರಿದ್ದರು ಅಂದುಕೊಂಡೆ. ಅವರು ಸರ್ ಕಡೆ ನೋಡಿ, ಎಲ್ಲರ ಕಡೆ ನೋಡಿ, ಸ್ವಲ್ಪ ನಕ್ಕು, “ನಥಿಂಗ್, ಮೇಡಂ” ಎಂದು ತಮ್ಮ ಜಾಗಕ್ಕೆ ಹೋಗಿ ಕೂತರು.

ಬಿಲ್ಲೆ ಕೊರಳಿಗೆ ಹಾಕಲಿಲ್ಲ. ಅಷ್ಟು ರಿಯಾಯಿತಿ ತೋರಿಸಿದೆ ಎಂದು ಆ ಕ್ಷಣ ನನಗೆ ನನ್ನ ಬಗ್ಗೆ ಒಳ್ಳೆಯದೇ ಅನ್ನಿಸಿತ್ತು.

ಮುಂದಿನ ಗುಂಪು ಬಂತು. ಬಸ್ ನಿಲ್ದಾಣದ ಆಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಇವರ ಹೆಸರು ಕರೆದಾಗ ಇವರು ಬೆಂಚಿನ ಮೇಲೆ ತಲೆಯಿಟ್ಟುಕೊಂಡಿದ್ದರು. ನಾಟಕ ಮಾಡುತ್ತಿದ್ದಾರೆಂದು ಪಕ್ಕದವರು ಅಲುಗಾಡಿಸಿದರು. ಆಮೇಲೆ ಆ ಹಾಲ್‌ನಲ್ಲಿ ಎಲ್ಲರೂ ಕನ್ನಡದಲ್ಲೇ ಕೂಗಿದರು. ನಾನೂ ಕೂಗಿದೆ. ಯಾರೂ ಯಾರಿಗೂ ಬಿಲ್ಲೆ ಹಾಕಲಿಲ್ಲ.

ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಅಷ್ಟರಲ್ಲಿ ಮುಗಿದಿತ್ತು. ಡಾಕ್ಟರ್ ಕೇಳಿದರು, “ಎದಿ ನೋವು ಅಂತ ಮೊದಲ ಏನರ ಹೇಳಿದ್ರೇನ್ರಿ?”

“ಇಲ್ರಿ. ಏನೂ ಹೇಳಲಿಲ್ರಿ,” ಎಂದೆ. ಸುತ್ತ ಇದ್ದವರೆಲ್ಲ ಹೌದೆನ್ನುವಂತೆ ತಲೆ ಆಡಿಸಿದರು. ಅವರಿಗೆ ಕೇಳಿಸಿರಲಿಲ್ಲ. ಕೇಳಿಸಿದ್ದು ನನಗೊಬ್ಬಳಿಗೆ. ಅದು ನನ್ನ ಮೊದಲ ಸುಳ್ಳು.

ಎರಡನೆಯದು ಮನೆಯಲ್ಲಿ. ಅತ್ತೆ ಅಳುವುದನ್ನು ನಿಲ್ಲಿಸಿ ನನ್ನ ಎರಡೂ ಕೈ ಹಿಡಿದು ಕೇಳಿದರು: “ನೀ ಮಗ್ಗಲದಾಗ ಇದ್ದೆಲ್ಲವಾ. ಕಡೀಕ ಏನರ ಅಂದನೇನು? ನನ್ನ ನೆನಿಸಿದನೇನು?”

ಏನು ಹೇಳಬೇಕಿತ್ತೆಂದು ಈಗ ಗೊತ್ತಿದೆ. ಆಗ ನನ್ನ ಬಾಯಿ ತಾನೇ ಹೇಳಿತು — ಇಲ್ಲ, ಬಾಯಿ ಅಲ್ಲ, ನಾನೇ ಹೇಳಿದೆ: “ಅವ್ವಗ ಗಾಬರಿ ಆಗಬ್ಯಾಡ ಅಂತ ಹೇಳು ಅಂದ್ರು ಅತ್ತಿ.”

ಆ ಮಾತನ್ನು ಅವರು ಸೆರಗಿನಲ್ಲಿ ಕಟ್ಟಿಕೊಂಡ ಹಾಗೆ ಇಟ್ಟುಕೊಂಡರು. ಮಾತಾಡಿಸಲು ಬಂದವರಿಗೆಲ್ಲ ಅದನ್ನೇ ಹೇಳಿದರು. ಕೊಂಕಲ್‌ನಿಂದ ಬಂದವರಿಗೆ, ಹಾಲು ಕೊಳ್ಳಲು ಬಂದವರಿಗೆ, ಪಕ್ಕದ ಮನೆಗೆ ಬಂದ ಹೊಸ ಬಾಡಿಗೆಯವರಿಗೆ. “ಸಾಯೂ ಮುಂದ ಸೈತ ನನ್ನ ಮಗಾ ಅವ್ವ ಅವ್ವ ಅಂದಾನ. ಗಾಬರಿ ಆಗಬ್ಯಾಡಂತ ಹೇಳ್ಯಾನ.” ಹೇಳಿ ಪ್ರತಿ ಸಲ ನನ್ನ ಕಡೆ ತಿರುಗುತ್ತಿದ್ದರು. “ಹೌದಿಲ್ಲವಾ?”

“ಹೌದ್ರಿ ಅತ್ತಿ.”

ಎಷ್ಟು ಸಲ ಹೌದೆಂದೆನೋ. ಅವರು ನೆಮ್ಮದಿಯಿಂದ ಇದ್ದಾರಲ್ಲ, ಇರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ನಿಜವಲ್ಲ. ಆ ಸುಳ್ಳಿನ ಹಿಂದೆ ಅಡಗಿ ನಿಂತವಳು ನಾನು, ಅವರಲ್ಲ.

ಈ ವರ್ಷ ಶಹಾಪುರದ ತರಬೇತಿಗೆ ಬರಬೇಕೆಂದು ನನಗೆ ಫೋನ್ ಬಂತು — ಸಂಪನ್ಮೂಲ ವ್ಯಕ್ತಿಯಾಗಿ. ಇಲ್ಲ ಎನ್ನಬಹುದಿತ್ತು. ಹೋದೆ. ಯಾಕೆ ಹೋದೆ ಎಂದು ಕೇಳಿಕೊಂಡರೆ — ಬೇಕಿತ್ತು, ಇನ್ನೂ ಬೇಕಿತ್ತು, ಅಷ್ಟೇ. ಪಾಠದ ಸಾಮಾನಿನ ಜೊತೆ ಒಂದು ಕೆಂಪು ಬಿಲ್ಲೆ ಇತ್ತು. ಅದೇ ಅಲ್ಲ, ಹೊಸದು, ದಾರವೂ ಹೊಸದು. ನಿಯಮ ವಿವರಿಸಿ ಎಂದರು. ವಿವರಿಸಿದೆ. ಒಳ್ಳೆಯ ಇಂಗ್ಲಿಷಿನಲ್ಲಿ, ಎಲ್ಲೂ ತಡವರಿಸದೆ ವಿವರಿಸಿದೆ. ನಡುವೆ ಒಂದು ತಮಾಷೆ ಸಹ ಮಾಡಿದೆ, ಜನ ನಕ್ಕರು.

ಆಮೇಲೆ ಮಧ್ಯಾಹ್ನದವರೆಗೆ ಹಿಂದಿನ ಬೆಂಚುಗಳಿಂದ ಒಂದು ಮಾತೂ ಬರಲಿಲ್ಲ. ಊಟದ ಹೊತ್ತಿಗೆ ಅವರೆಲ್ಲ ಹೊರಗೆ ಬೇವಿನ ಮರದ ಕೆಳಗೆ ಡಬ್ಬಿ ಬಿಚ್ಚಿ ಗಲಗಲ ಮಾತಾಡುತ್ತಿದ್ದರು — ಯಾರದೋ ಮಗಳ ಮದುವೆ, ಯಾರದೋ ಮಂಡಿ ನೋವು, ಯಾರ ಹಿಂಡಿ ಚಟ್ನಿ ಖಾರ ಆಗಿದೆ. ನಾನು ಡಬ್ಬಿ ಹಿಡಿದು ಹತ್ತಿರ ಹೋದೆ. “ಏ, ಮೇಡಂ ಬಂದ್ರು, ಸುಮ್ಕಿರ್ರಿ,” ಎಂದು ಒಬ್ಬಾಕೆ ಹೇಳಿದ್ದು ಕೇಳಿಸಿತು. ಎಲ್ಲರೂ ಸುಮ್ಮನಾದರು. ಮಂಡಿ ನೋವಿನವರೂ ಸುಮ್ಮನಾದರು.

ಕೈಯಲ್ಲಿದ್ದ ಡಬ್ಬಿ ಬಿಚ್ಚಲು ಆಗಲಿಲ್ಲ. ಮಧ್ಯಾಹ್ನದ ಪಾಠ ಮಾಡುವುದಿಲ್ಲ ಎಂದು ಹೇಳಿ ಬಸ್ಸು ಹತ್ತಿದೆ. ಮರುದಿನವೂ ಹೋಗಲಿಲ್ಲ, ಇನ್ನು ಹೋಗುವುದಿಲ್ಲ.

ಅತ್ತೆ ಹಿತ್ತಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಕೂರದೆ, ನಿಂತೇ ಹೇಳಿದೆ.

“ಅತ್ತಿ, ಅವರು ಆ ಮಾತ ಅಂದಿದ್ದಿಲ್ರಿ.”

“ಯಾವ ಮಾತ?”

“ಗಾಬರಿ ಆಗಬ್ಯಾಡ ಅಂದದ್ದು. ಅದು ನಾ ಕಟ್ಟಿ ಹೇಳಿದ್ದು.”

ಮೊರ ಆಡುವುದು ನಿಂತಿತು. “ಮತ್ತ ಏನಂದ?”

“ಎದಿಯಾಗ ಒಂದು ನಮೂನಿ ಅಂತ ಹೇಳಾಕ ಬಂದ್ರು. ಇಂಗ್ಲಿಷಿನ್ಯಾಗ ಹೇಳ್ರಿ ಅಂದೆ ನಾನು. ಎಲ್ಲಾರ ಮುಂದ. ಹೇಳಾಕ ಬರಲಿಲ್ಲ ಅವರಿಗೆ. ಸುಮ್ನ ಹೋಗಿ ಕುಂತ್ರು.”

ಬೈಯುತ್ತಾರೆಂದು ಕಾದೆ. ಹೊಡೆಯಲಿ ಎಂದೂ ಕಾದೆ. ಅವರು ಮೊರದೊಳಗಿನ ಜೋಳದಿಂದ ಒಂದು ಕಲ್ಲು ಹೆಕ್ಕಿ ಎಸೆದರು.

“ಅವಗ ಬರ್ತಿದ್ದಿಲ್ಲಲ್ಲ,” ಎಂದರು. “ನಿನಗ ಗೊತ್ತಿತ್ತಲ್ಲ.”

“ಗೊತ್ತಿತ್ರಿ.”

ಅವರು ಎದ್ದು ಎಮ್ಮೆಗೆ ನೀರು ಇಟ್ಟರು.

ಈಗಲೂ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ರೊಟ್ಟಿ ಬಡಿದು ನನಗೂ ಹಾಕುತ್ತಾರೆ. ನನ್ನನ್ನು ಕರೆಯುವಾಗ ಮಾತಿನ ಕೊನೆಗೆ ಅಕ್ಕರೆಯ ‘ವಾ’ ಸೇರಿಸುತ್ತಿದ್ದರು, ಅದು ಈಗ ಇಲ್ಲ. ಮನೆಗೆ ಬಂದವರು ಮಗನ ಸುದ್ದಿ ತೆಗೆದರೆ, “ಆಕಿ ಇದ್ಲು ಅಲ್ಲಿ, ಆಕಿಗೆ ಕೇಳ್ರಿ,” ಎನ್ನುತ್ತಾರೆ. ಕೇಳಿದವರಿಗೆ ನಾನು ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಕೆಲವರು ಎದ್ದು ಹೋಗುತ್ತಾರೆ. ಹೋಗಲಿ.

ಮೊನ್ನೆ ಅತ್ತೆ ತಾವಾಗಿ ಒಂದು ಕೇಳಿದರು. ಒಮ್ಮೆ ಮಾತ್ರ. “ಒಂದು ನಮೂನಿ ಅಂದ. ಆಮ್ಯಾಲ ಏನನ್ನಾಂವ ಇದ್ದ?”

ನೀರು ಕೊಡು ಎನ್ನುವವರಿದ್ದರೋ, ನಡಿ ಮನೆಗೆ ಹೋಗೋಣ ಎನ್ನುವವರಿದ್ದರೋ, ಆಸ್ಪತ್ರೆಗೆ ಎನ್ನುವವರಿದ್ದರೋ, ಅವ್ವನ ಹೆಸರನ್ನೇ ಹೇಳುವವರಿದ್ದರೋ — ಈ ಸಲ ನಾನು ಏನೂ ಕಟ್ಟಲಿಲ್ಲ. ಗೊತ್ತಿಲ್ಲ ಎಂದೆ.

ಎದೆಯಲ್ಲಿ ಒಂದು ನಮೂನೆ — ಅದರ ಮುಂದಿನ ಮಾತು ಈ ಮನೆಯಲ್ಲಿ ಇಲ್ಲ.